ಅಮೆರಿಕದ ವಿದೇಶಾಂಗ ದುಡ್ಡು ಯಾರ ಕೈಯಲ್ಲಿದೆ?

ಯಾವ ದೇಶಕ್ಕೆ ನೆರವು, ಯಾರ ಜೊತೆ ಸ್ನೇಹ, ಎಲ್ಲವೂ ಶ್ವೇತಭವನದಲ್ಲೇ ತೀರ್ಮಾನ ಅಂತ ಇಲ್ಲಿಗೆ ಬಂದ ಹೊಸತರಲ್ಲಿ ನಮ್ಮವರು ಅಂದುಕೊಳ್ಳುತ್ತಾರೆ. ಮಾತುಕತೆ ಅಧ್ಯಕ್ಷರದು, ನಿಜ. ದುಡ್ಡು ಮಂಜೂರು ಮಾಡೋದು ಮಾತ್ರ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು.

ಇಲ್ಲಿ ಬಜೆಟ್ ವರ್ಷ ಶುರುವಾಗೋದು ಅಕ್ಟೋಬರ್ 1ಕ್ಕೆ. ಫೆಬ್ರವರಿಯ ಮೊದಲ ಸೋಮವಾರದೊಳಗೆ ಅಧ್ಯಕ್ಷರು ಬಜೆಟ್ ಕಳಿಸಬೇಕು (ಎಷ್ಟೋ ಸಲ ತಡವಾಗುತ್ತದೆ). ಅದು ಬರೀ ಕೋರಿಕೆ. ಕಾಂಗ್ರೆಸ್ಸಿನ ಎರಡೂ ಸದನಗಳ (ಹೌಸ್ ಮತ್ತು ಸೆನೆಟ್) ಅಪ್ರೋಪ್ರಿಯೇಷನ್ಸ್ ಸಮಿತಿಗಳು, ಅಂದರೆ ಯಾವುದಕ್ಕೆ ಎಷ್ಟು ದುಡ್ಡು ಅಂತ ನೋಡುವ ಸಮಿತಿಗಳು, ಅದನ್ನು ತಿದ್ದಿ ಮಸೂದೆ ಮಾಡುತ್ತವೆ. ಬಿಡುವಿದ್ದರೆ ಆ ಮಸೂದೆಯನ್ನೇ ಒಮ್ಮೆ ತೆರೆದು ನೋಡಿ. ಇಸ್ರೇಲಿಗೆ ಕನಿಷ್ಠ 330 ಕೋಟಿ ಡಾಲರ್ ಮಿಲಿಟರಿ ನೆರವು, ಅದೂ ಕಾಯ್ದೆಯಾದ 30 ದಿನದೊಳಗೆ ಕೊಡಬೇಕು ಅಂತ ವರ್ಷಾವರ್ಷ ಬರೆದಿರುತ್ತದೆ. 10 ವರ್ಷಕ್ಕೆ 3,800 ಕೋಟಿ ಕೊಡುವ ಒಪ್ಪಂದಕ್ಕೆ ಒಬಾಮಾ ಸರ್ಕಾರ 2016ರಲ್ಲೇ ಸಹಿ ಹಾಕಿತ್ತು. ಆದರೂ ಪ್ರತಿ ವರ್ಷ ಕಾಂಗ್ರೆಸ್ ಒಪ್ಪಬೇಕು. ಹೀಗೆ ಕಾಯ್ದೆಯಲ್ಲೇ ಮೊತ್ತ ಬರೆಸಿಕೊಂಡವರು ನಿಶ್ಚಿಂತೆ. ಮಿಕ್ಕವರು ಮಿಕ್ಕಿದ್ದರಲ್ಲಿ ಹಂಚಿಕೊಳ್ಳಬೇಕು.

ವಿದೇಶಿ ನೆರವೆಲ್ಲ ಸೇರಿದರೂ ಫೆಡರಲ್ ಖರ್ಚಿನಲ್ಲಿ ನೂರಕ್ಕೆ ಒಂದರ ಆಸುಪಾಸು. ಸಮೀಕ್ಷೆಗಳಲ್ಲಿ ಜನ ಕಾಲುಭಾಗ ಇರಬಹುದು ಅನ್ನುತ್ತಾರೆ! ಕತ್ತರಿ ಮೊದಲು ಇಲ್ಲೇ ಬೀಳೋದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತದೆ.

ಮಂಜೂರಾದ ದುಡ್ಡನ್ನು ಅಧ್ಯಕ್ಷರು ಸುಮ್ನೆ ಇಟ್ಟುಕೊಳ್ಳುವಂತಿಲ್ಲ. 1974ರ ಕಾಯ್ದೆ ಪ್ರಕಾರ ರದ್ದು ಮಾಡಿ ಅಂತ ಕೇಳಬಹುದು, 45 ದಿನ ತಡೆಹಿಡಿಯಬಹುದು. ಕಾಂಗ್ರೆಸ್ ಒಪ್ಪದಿದ್ದರೆ ದುಡ್ಡು ಬಿಡುಗಡೆ ಮಾಡಬೇಕು. 2025ರ ಜುಲೈನಲ್ಲಿ ಕಾಂಗ್ರೆಸ್ ಒಪ್ಪಿ ಸುಮಾರು 900 ಕೋಟಿ ರದ್ದು ಮಾಡಿತು. ಅದರಲ್ಲಿ ಬಹುಪಾಲು ವಿದೇಶಿ ನೆರವಿನದು. ಆಗಸ್ಟ್ ಕೊನೆಗೆ ಇನ್ನೂ 490 ಕೋಟಿ ರದ್ದು ಮಾಡಲು ಶ್ವೇತಭವನದಿಂದ ಪತ್ರ ಬಂತು. 45 ದಿನ ಮುಗಿಯುವ ಮೊದಲೇ ಬಜೆಟ್ ವರ್ಷ ಮುಗಿಯುತ್ತದೆ, ಕಾಂಗ್ರೆಸ್ ಒಪ್ಪದಿದ್ದರೂ ದುಡ್ಡಿನ ಗಡುವು ಮುಗಿದುಹೋಗುತ್ತದೆ. ಜಾಣ ಲೆಕ್ಕ, ಅಲ್ವಾ? ಈ ಬಗ್ಗೆ ಮೊಕದ್ದಮೆ ನಡೆಯುತ್ತಿದ್ದಾಗಲೇ ಸುಮಾರು 400 ಕೋಟಿಯನ್ನು ತಡೆಹಿಡಿಯಲು ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿತು.

ಊರಿಂದ ಅಪ್ಪ ಅಮ್ಮನನ್ನು ಕರೆಸುವವರು ಇದನ್ನು ಕೇಳಿ ಗಾಬರಿಯಾಗಬೇಡಿ. ವೀಸಾ ಕೆಲಸ ನಡೆಯೋದು ಹೆಚ್ಚಾಗಿ ಅರ್ಜಿದಾರರು ಕಟ್ಟುವ ಶುಲ್ಕದಿಂದ. ಶಟ್‌ಡೌನ್ ಆದಾಗಲೂ (ಬಜೆಟ್ ಒಪ್ಪಿಗೆಯಾಗದೆ ಸರ್ಕಾರಿ ಕೆಲಸ ನಿಂತಾಗಲೂ) ಇಂಟರ್‌ವ್ಯೂಗಳು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಬೆಂಗಳೂರಿನ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು, ಆದರೆ ವೀಸಾ ಸೇವೆ ಜೊತೆಗೇ ಬರಲಿಲ್ಲ.

ನಿಮ್ಮ ಮಾತು ಮುಟ್ಟಿಸಬೇಕಾದದ್ದು ನಿಮ್ಮ ಕ್ಷೇತ್ರದ ಹೌಸ್ ಸದಸ್ಯರಿಗೆ ಮತ್ತು ಇಬ್ಬರು ಸೆನೆಟರುಗಳಿಗೆ. ಅವರು ಅಪ್ರೋಪ್ರಿಯೇಷನ್ಸ್ ಸಮಿತಿಯಲ್ಲಿದ್ದರೆ ಇನ್ನೂ ಒಳ್ಳೆಯದು. ಎಚ್-1ಬಿ ಕೆಲಸದ ವೀಸಾದಲ್ಲಿದ್ದರೂ ಧೈರ್ಯವಾಗಿ ಫೋನ್ ಮಾಡಬಹುದು. ಚುನಾವಣೆಗೆ ಚಂದಾ ಕೊಡೋಕೆ ಮಾತ್ರ ಹೋಗಬೇಡಿ. ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರಿಗೆ ಅದು ಕಾನೂನುಬಾಹಿರ.