ಕುಡಿದು ಗಾಡಿ ಓಡಿಸಿದವರಿಗೆ ಜೈಲಿನ ಬದಲು ಚಿಕಿತ್ಸೆ: ನನ್ನ ಅನುಭವ

ನಾನು ಆಪ್ತಸಮಾಲೋಚಕಿ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರಲ್ಲಿ ಕೆಲವರನ್ನು ಕೋರ್ಟ್ ಜೈಲಿನ ಬದಲು ಚಿಕಿತ್ಸೆಗೆ ಕಳಿಸುತ್ತದೆ. ಅವರು ಬರುವುದು ನನ್ನ ಹತ್ತಿರ. "ಮೇಡಂ, ನಾನೇನು ಕುಡುಕ ಅಲ್ಲ, ಅವತ್ತು ಸ್ವಲ್ಪ ಜಾಸ್ತಿ ಆಯ್ತು ಅಷ್ಟೇ" ಅಂತಲೇ ಬಹುತೇಕರು ಮಾತು ಶುರು ಮಾಡುತ್ತಾರೆ.

ಕೆಲವರ ವಿಷಯದಲ್ಲಿ ಅದು ನಿಜವೂ ಹೌದು. ಅದಕ್ಕೇ ಮೊದಲು ಕುಡಿತ ಎಷ್ಟರ ಮಟ್ಟಿಗಿದೆ ಅಂತ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ (AUDIT) ಪ್ರಶ್ನಾವಳಿ ಕೊಡುತ್ತೇನೆ. 10 ಪ್ರಶ್ನೆ, ಒಟ್ಟು 40 ಅಂಕ. 8 ಬಂದರೆ ಕುಡಿತ ಅಪಾಯದ ಕಡೆ ಹೊರಟಿದೆ. 20 ಮುಟ್ಟಿದರೆ ಚಟ ಹಿಡಿದಿರುವ ಸಾಧ್ಯತೆ ಹೆಚ್ಚು, ಡಾಕ್ಟರ್ ನೋಡಲೇಬೇಕು. ಕಡಿಮೆ ಅಂಕದವರನ್ನು ತಿಂಗಳುಗಟ್ಟಲೆ ಕೂರಿಸಿಕೊಂಡು ಏನು ಮಾಡುವುದು? ದಂಡ, ಒಂದೆರಡು ಸಲ ಮಾತುಕತೆ, ಸಾಕು. ಕೋರ್ಟಿನ ಭಯಕ್ಕೆ ಸುಳ್ಳು ಉತ್ತರ ಬರೆಯುವವರೂ ಇರುತ್ತಾರೆ. ಹಾಗಾಗಿ ಮನೆಯವರನ್ನೂ ಕೇಳುತ್ತೇನೆ, ರಕ್ತಪರೀಕ್ಷೆಯನ್ನೂ ನೋಡುತ್ತೇನೆ.

ಚಟ ಇರುವವರಿಗೆ ಒಂದು ಮಾತು ಮೊದಲೇ ಹೇಳುತ್ತೇನೆ: ಹುಮ್ಮಸ್ಸಿನಲ್ಲಿ ಒಮ್ಮೆಲೇ ನಿಲ್ಲಿಸಬೇಡಿ. ದಿನವೂ ವಿಪರೀತ ಕುಡಿಯುತ್ತಿದ್ದವರು ಥಟ್ಟನೆ ಬಿಟ್ಟರೆ ಎರಡು ದಿನದೊಳಗೇ ಫಿಟ್ಸ್ ಬರಬಹುದು. ಆಮೇಲೆ ಭ್ರಮೆ, ನಡುಕ ಶುರುವಾಗಿ ಜೀವಕ್ಕೇ ಕುತ್ತಾಗಬಹುದು. ಡಾಕ್ಟರ್ ನಿಗಾದಲ್ಲಿ ಮಾತ್ರೆ, ತಯಾಮಿನ್ (ವಿಟಮಿನ್ ಬಿ1) ಕೊಟ್ಟು ಬಿಡಿಸಬೇಕು. ಸುಮ್ನೆ ಒಳಗೆ ಹಾಕಿ, ಬುದ್ಧಿ ಬರುತ್ತೆ ಅನ್ನುವವರು ಇದನ್ನು ಯೋಚಿಸಿರುವುದಿಲ್ಲ.

ನಾನು ಹೆಚ್ಚು ತಲೆಕೆಡಿಸಿಕೊಂಡಿದ್ದು ಮತ್ತೆ ಕುಡಿದವರ ಬಗ್ಗೆ. ಈ ಕಾಯಿಲೆಯಲ್ಲಿ ಅದು ಮಾಮೂಲು. ಆದರೆ ಕುಡಿಯುವುದು ಬೇರೆ, ಕುಡಿದು ಗಾಡಿ ಹತ್ತುವುದು ಬೇರೆ ಅಲ್ವಾ? ತಾನಾಗಿ ಬಂದು ಹೇಳಿದರೆ ಚಿಕಿತ್ಸೆ ಬಿಗಿ ಮಾಡುತ್ತೇನೆ, ಶಿಕ್ಷೆ ಕೇಳುವುದಿಲ್ಲ. ಮುಚ್ಚಿಟ್ಟು ಪರೀಕ್ಷೆಯಲ್ಲಿ ಸಿಕ್ಕರೆ ಅವತ್ತೇ ಕೋರ್ಟಿಗೆ ವರದಿ ಹೋಗುತ್ತದೆ. ಕುಡಿದು ಗಾಡಿ ಮುಟ್ಟಿದರೆ ಮಾಫಿಯೇ ಇಲ್ಲ. ಏನನ್ನು ವರದಿ ಮಾಡುತ್ತೇನೆ, ಏನನ್ನು ಮಾಡುವುದಿಲ್ಲ ಅಂತ ಮೊದಲ ದಿನವೇ ಓದಿಸಿ ಸಹಿ ಹಾಕಿಸಿಕೊಳ್ಳುತ್ತೇನೆ. ಇಲ್ಲದಿದ್ದರೆ ಯಾರೂ ನಿಜ ಹೇಳುವುದಿಲ್ಲ.

ಅಮೆರಿಕದ ಸೌತ್ ಡಕೋಟಾದಲ್ಲಿ 2005ರಿಂದ ಒಂದು ಪದ್ಧತಿ ಇದೆ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರು ದಿನಕ್ಕೆರಡು ಸಲ ಯಂತ್ರಕ್ಕೆ ಊದಿ, ಕುಡಿದಿಲ್ಲ ಅಂತ ತೋರಿಸಬೇಕು. ಸಿಕ್ಕಿಬಿದ್ದರೆ ತಕ್ಷಣ ಒಳಗೆ, ಆದರೆ ಸ್ವಲ್ಪ ಹೊತ್ತು ಮಾತ್ರ. ವರ್ಷ ಕಳೆದು ಬರುವ ದೊಡ್ಡ ಶಿಕ್ಷೆಗಿಂತ ಇದು ಹೆಚ್ಚು ನಾಟುತ್ತದೆ ಅಂತ ನನಗೂ ಅನಿಸಿದೆ.

ಊದದೆ ಸ್ಟಾರ್ಟೇ ಆಗದಂತೆ ಗಾಡಿಗೆ ಹಾಕುವ ಇಂಟರ್‌ಲಾಕ್ ಯಂತ್ರವೂ ಒಳ್ಳೆಯದೇ. ಆದರೆ ಅದನ್ನು ತೆಗೆದ ಮೇಲೆ ಬಹಳಷ್ಟು ಜನ ಹಳೇ ದಾರಿ ಹಿಡಿಯುತ್ತಾರೆ. ಅದಕ್ಕೇ ಯಂತ್ರ ತೆಗೆಸಿದ ಮೇಲೂ ಕೆಲವು ತಿಂಗಳು ಚಿಕಿತ್ಸೆ ನಡೆಯಲಿ ಅಂತ ಕೋರ್ಟಿಗೆ ಬರೆದು ಕೇಳುತ್ತೇನೆ.