ಶಾಂಘೈ ಬಿಟ್ಟು ಝೆಂಗ್‌ಝೌ ಹಿಡಿದ ಬಗೆ

ಬೆಂಗಳೂರಿನ ಪೀಣ್ಯದ ಟೂಲ್ ರೂಮ್‌ಗಳಿಗೆ, ಅಂದರೆ ಅಚ್ಚು, ಉಪಕರಣ ಮಾಡುವ ಘಟಕಗಳಿಗೆ, ಚೀನಾದಿಂದ ಮಾಲು ತರಿಸಿಕೊಡುವುದು ನನ್ನ ಕಸುಬು. ಗ್ರೈಂಡಿಂಗ್ ವೀಲು, ಡೈಮಂಡ್ ಪೌಡರ್, ವೀಲು ಹದ ಮಾಡುವ ಡ್ರೆಸ್ಸರ್ ಇವೆಲ್ಲ ಹೆಚ್ಚಾಗಿ ಬರುವುದು ಹೆನಾನ್ ಪ್ರಾಂತ್ಯದಿಂದ. ಕೃತಕ ವಜ್ರಕ್ಕೆ ಅದೇ ತವರು. ಆದರೂ ಮಾಲು ಅಲ್ಲಿಂದ ಲಾರಿಯಲ್ಲಿ 900 ಕಿ.ಮೀ.ಗೂ ಹೆಚ್ಚು ಓಡಿ, ಶಾಂಘೈಯಲ್ಲಿ ವಿಮಾನ ಹತ್ತುತ್ತಿತ್ತು. ಕಾರಣ ಕೇಳಿದರೆ, ಎಲ್ಲರೂ ಹಾಗೇ ಕಳಿಸುತ್ತಾರೆ ಎಂಬ ಉತ್ತರ. ಹೆನಾನ್‌ನ ರಾಜಧಾನಿ ಝೆಂಗ್‌ಝೌಗೆ ಸ್ವಂತ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ, ಶಿನ್‌ಝೆಂಗ್ ಅಂತ ಹೆಸರು. ಅಲ್ಲಿಂದಲೇ ಯಾಕೆ ಬುಕ್ ಮಾಡಬಾರದು ಎಂದು ನಾನು ಹಟ ಹಿಡಿದೆ.

ಶಿನ್‌ಝೆಂಗ್ ಶುರುವಾದದ್ದು 1997ರಲ್ಲಿ. ಮೊದಲ ಹತ್ತು-ಹನ್ನೆರಡು ವರ್ಷ ಅದು ಸಾಧಾರಣ ನಿಲ್ದಾಣವೇ. 2010ರಲ್ಲಿ ಅಲ್ಲಿ ಸಾಗಿದ ಸರಕು ಸುಮಾರು 86 ಸಾವಿರ ಟನ್. ಅದೇ ವರ್ಷ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕಂಪನಿ ಝೆಂಗ್‌ಝೌಗೆ ಬಂತು, ನಿಲ್ದಾಣದ ಬಳಿ ಬಾಂಡೆಡ್ ವಲಯಕ್ಕೂ (ಆಮದು ಸುಂಕ ಕಟ್ಟದೆ ಮಾಲು ಇಟ್ಟು ಕೆಲಸ ಮಾಡುವ ಜಾಗ) ಒಪ್ಪಿಗೆ ಸಿಕ್ಕಿತು. 2013ರಲ್ಲಿ ಸುತ್ತಲ 415 ಚದರ ಕಿ.ಮೀ.ಗೆ ಚೀನಾದ ಕೇಂದ್ರ ಸರ್ಕಾರ ವಿಮಾನ ನಿಲ್ದಾಣ ಆರ್ಥಿಕ ವಲಯದ ಮುದ್ರೆ ಒತ್ತಿತು. ನನಗೆ ತುಂಬ ಹಿಡಿಸಿದ್ದು ಮುಂದಿನ ನಡೆ. 2014ರಲ್ಲಿ ಹೆನಾನ್ ಸರ್ಕಾರಿ ಕಂಪನಿಯೊಂದು ಲಕ್ಸೆಂಬರ್ಗ್‌ನ ಕಾರ್ಗೋಲಕ್ಸ್ ಎಂಬ ಸರಕು ಏರ್‌ಲೈನ್‌ನ ಶೇ 35 ಪಾಲನ್ನೇ ಕೊಂಡುಕೊಂಡಿತು, ಆ ವರ್ಷವೇ ಅದರ ವಿಮಾನಗಳು ಝೆಂಗ್‌ಝೌಗೆ ಬರತೊಡಗಿದವು. ರನ್‌ವೇ ಕಟ್ಟಿ ವಿಮಾನಕ್ಕಾಗಿ ಕಾಯುತ್ತ ಕೂರಲಿಲ್ಲ. 2021ರ ಹೊತ್ತಿಗೆ ಸರಕು 7 ಲಕ್ಷ ಟನ್ ದಾಟಿತ್ತು.

ನಮ್ಮ ಕಸುಬಿಗೆ ಇದರಿಂದ ಏನು ಲಾಭ? ಅಲ್ಲಿಂದ ಹೊರಡುವ ಮಾಲಿನಲ್ಲಿ ಬಟ್ಟೆ, ಆನ್‌ಲೈನ್ ಪಾರ್ಸಲ್‌ನಂಥ ಹಗುರ ಸರಕು ಬಹಳ. ಜಾಗ ತುಂಬುತ್ತದೆ, ತೂಕ ತುಂಬುವುದಿಲ್ಲ. ವಿಮಾನದಲ್ಲಿ ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. ಆ ಲೆಕ್ಕ, ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. 50×40×30ರ ಬಾಕ್ಸು 10 ಕೆಜಿ ಲೆಕ್ಕ. ಅದರಲ್ಲಿ ಗ್ರೈಂಡಿಂಗ್ ವೀಲು ತುಂಬಿದರೆ 28 ಕೆಜಿ, ಬಟ್ಟೆ ತುಂಬಿದರೆ 4 ಕೆಜಿ ಎಂದಿಟ್ಟುಕೊಳ್ಳಿ. ಬೇರೆ ಬೇರೆ ಕಳಿಸಿದರೆ 28 ಮತ್ತು 10, ಒಟ್ಟು 38 ಕೆಜಿಗೆ ದುಡ್ಡು. ಒಂದೇ ಏರ್‌ವೇ ಬಿಲ್‌ನಲ್ಲಿ (ವಿಮಾನ ಸರಕಿನ ರವಾನೆ ಚೀಟಿ) ಸೇರಿಸಿದರೆ 32ಕ್ಕೆ ಮುಗಿಯಿತು. ಹಾಗಾಗಿ ಹಲವರ ಸರಕು ಕೂಡಿಸಿ ವಿಮಾನಕ್ಕೆ ಬುಕ್ ಮಾಡುವ ಅಲ್ಲಿನ ಫಾರ್ವರ್ಡರ್‌ಗೆ ನನ್ನ ಭಾರದ ಮಾಲು ಬೇಕೇ ಬೇಕು. ರೇಟು ಮಾತಾಡುವಾಗ ಮೊದಲು ಬಾಕ್ಸಿನ ಅಳತೆ, ತೂಕ ಎರಡನ್ನೂ ಅವರ ಮುಂದಿಡುತ್ತೇನೆ, ಆಮೇಲೆ ಬೆಲೆ ಕೇಳುತ್ತೇನೆ.

ವರ್ಷಪೂರ್ತಿ ಇದು ನಡೆಯದು. ಹೊಸ ಫೋನ್ ಬಿಡುಗಡೆಯಾಗುವ ಸೆಪ್ಟೆಂಬರ್ ಆಸುಪಾಸು, ಚೀನೀ ಹೊಸ ವರ್ಷದ ಮುಂಚಿನ ವಾರಗಳು ಬಂದರೆ ಸಣ್ಣ ಪಾರ್ಟಿಗಳಿಗೆ ಜಾಗ ಸಿಗುವುದು ಕಷ್ಟ. ಆಗ ತುರ್ತಿಲ್ಲದ್ದನ್ನು ಹಡಗಿಗೆ ಹಾಕಿಸುತ್ತೇನೆ, ತುರ್ತಿನದು ಮತ್ತೆ ಶಾಂಘೈ ದಾರಿ.

ಡೈಮಂಡ್ ಪೌಡರ್ ತರಿಸುವವರು ಕಾಗದವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ಇನ್‌ವಾಯ್ಸ್‌ನಲ್ಲಿ ಕ್ಯಾರೆಟ್ ಇರುತ್ತದೆ, ಪ್ಯಾಕಿಂಗ್ ಲಿಸ್ಟ್‌ನಲ್ಲಿ ಕೆಜಿ. 5000 ಕ್ಯಾರೆಟ್ ಅಂದರೆ ಒಂದು ಕೆಜಿ, ಎರಡೂ ತಾಳೆಯಾಗಲೇಬೇಕು. ಬರೀ 'ಡೈಮಂಡ್' ಎಂದು ಬರೆದರೆ ಕಸ್ಟಮ್ಸ್‌ನಲ್ಲಿ ಪ್ರಶ್ನೆ ತಪ್ಪಿದ್ದಲ್ಲ. 'ಸಿಂಥೆಟಿಕ್, ಇಂಡಸ್ಟ್ರಿಯಲ್', ಜೊತೆಗೆ ಮೈಕ್ರಾನ್ ಸೈಜು, 7105ರ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನವರು ಸರಕು ಗುರುತಿಸುವ ಸಂಖ್ಯೆ), ಇಷ್ಟನ್ನು ಮಾಲು ಫ್ಯಾಕ್ಟರಿ ಬಿಡುವ ಮೊದಲೇ ಬರೆಸಿ, ಸ್ಕ್ಯಾನ್ ತರಿಸಿಕೊಳ್ಳುತ್ತೇನೆ. ವಿಮಾನ ಹತ್ತಿದ ಮೇಲೆ ತಿದ್ದಿಸುವುದು ದೊಡ್ಡ ತಲೆನೋವು.

ಈಗ ಅದೇ ಫಾಕ್ಸ್‌ಕಾನ್ ನಮ್ಮ ದೇವನಹಳ್ಳಿ ಹತ್ತಿರ ಬಂದಿದೆ, 2025ರಲ್ಲಿ ಐಫೋನ್ ತಯಾರಿಕೆಯೂ ಶುರುವಾಯಿತು. ಕೆಂಪೇಗೌಡ ನಿಲ್ದಾಣದ ಸರಕು 2024-25ರಲ್ಲಿ 5 ಲಕ್ಷ ಟನ್ ದಾಟಿದೆ. ಇಲ್ಲಿಂದಲೂ ಹಗುರ ಸರಕಿಗೇನು ಕಮ್ಮಿ, ಗಾರ್ಮೆಂಟ್ಸ್ ಊರೇ ಇದು. ಪೀಣ್ಯದವರ ಮಷೀನ್ಡ್ ಬಿಡಿಭಾಗ ಅದರ ಜೊತೆ ಕೂಡಿದರೆ ಇಬ್ಬರಿಗೂ ಬಾಡಿಗೆ ಇಳಿಯುತ್ತದೆ. ಎಕ್ಸ್‌ಪೋರ್ಟ್ ಮಾಡುವ ಪಾರ್ಟಿಗಳು ಸಿಕ್ಕಾಗಲೆಲ್ಲ ಬಾಕ್ಸಿನ ಅಳತೆ, ತೂಕ ಕೇಳಿ ಬರೆದಿಟ್ಟುಕೊಳ್ಳುತ್ತಿದ್ದೇನೆ.