ನಕ್ಷೆ ಹಾಸಿಕೊಂಡು ಕಲಿತ ರಷ್ಯನ್

ಪಾಠಪುಸ್ತಕದ ಪದಪಟ್ಟಿ ನನ್ನ ತಲೆಗೆ ಹತ್ತಲೇ ಇಲ್ಲ. ರಷ್ಯನ್ ಪದಗಳು ಬಾಯಿಗೆ ಬಂದದ್ದು ಊರುಗಳ ಹೆಸರಿನಿಂದ. ನಕ್ಷೆಯನ್ನು ನೆಲದ ಮೇಲೆ ಹಾಸಿಕೊಂಡು, ಹೆಸರಿನ ಬಾಲದ ‘ಸ್ಕ್’ ಕಿತ್ತು, ಉಳಿದದ್ದನ್ನು ಪೆನ್ಸಿಲ್‌ನಿಂದ ಗೀರಿ ಬಿಡಿಸುತ್ತಿದ್ದೆ. ನೋವ್‌ಗೊರೊದ್ ಎಂದರೆ ಹೊಸ ಪಟ್ಟಣ, ಬೆಲ್ಗೊರೊದ್ ಬಿಳಿ ಪಟ್ಟಣ. ‘ವೊದಾ’ ಅಂದರೆ ನೀರು ಎಂದು ಗೊತ್ತಾದದ್ದೇ ತಡ, ಕಾಕಸಸ್ ತಪ್ಪಲಿನ ಮೂರು ಊರುಗಳು ಒಟ್ಟಿಗೆ ಬಿಡಿಸಿಕೊಂಡವು: ಮಿನೆರಾಲ್ನಿಯೆ ವೊದಿ, ಕಬ್ಬಿಣದ ನೀರಿನ ಝೆಲೆಜ್ನೊವೊದ್ಸ್ಕ್, ಹುಳಿ ನೀರಿನ ಕಿಸ್ಲೊವೊದ್ಸ್ಕ್. ಈ ಕೊನೆಯ ಊರಿನಲ್ಲಿ ನರ್ಜಾನ್ ಚಿಲುಮೆಯ ನೀರು ಕುಡಿದಿದ್ದೇನೆ. ಲೋಟದ ಅಂಚಿಗೆ ಗುಳ್ಳೆ ಕಟ್ಟುತ್ತದೆ, ನಾಲಿಗೆ ಚುರುಗುಟ್ಟುತ್ತದೆ. ಹೆಸರಿಟ್ಟವರು ರುಚಿ ನೋಡಿಯೇ ಇಟ್ಟಿರಬೇಕು.

ಊರಿಗಿಂತ ಮೊದಲು ನದಿಯನ್ನು ಹುಡುಕುವುದು ನಾನು ಮಾಡಿಕೊಂಡ ರೂಢಿ. ‘ಉಸ್ತ್’ ಎಂದು ಶುರುವಾದರೆ ಅಲ್ಲೊಂದು ನದಿ ಇನ್ನೊಂದನ್ನು ಸೇರುತ್ತಿರುತ್ತದೆ. ಉಸ್ತ್-ಕುತ್‌ನಲ್ಲಿ ಕುತಾ ನದಿ ಲೇನಾಕ್ಕೆ, ಉಸ್ತ್-ಇಲಿಮ್ಸ್ಕ್‌ನಲ್ಲಿ ಇಲಿಮ್ ಅಂಗಾರಾಕ್ಕೆ. ನನಗೆ ಹೆಚ್ಚು ಇಷ್ಟವಾದ ಪದ ‘ವೊಲೋಕ್’. ಒಂದು ನದಿಯಿಂದ ಇನ್ನೊಂದಕ್ಕೆ ದೋಣಿಗಳನ್ನು ನೆಲದ ಮೇಲೆ ಎಳೆದೊಯ್ಯುತ್ತಿದ್ದ ಜಾಗಕ್ಕೆ ಆ ಹೆಸರು. ವೊಲೊಕೊಲಾಮ್ಸ್ಕ್ ಎಂದರೆ ಲಾಮಾ ನದಿಯ ವೊಲೋಕ್. ವಿಷ್ನಿ ವೊಲೊಚೋಕ್‌ನಲ್ಲಿ ಒಂದು ಕಡೆ ತ್ವೆರ್ತ್ಸಾ, ಇನ್ನೊಂದು ಕಡೆ ಮ್ಸ್ತಾದ ಕಡೆಗೆ ಹರಿಯುವ ತ್ಸ್ನಾ. ನಡುವಿನ ಒಣನೆಲವನ್ನು ದಾಟಿದರೆ ವೋಲ್ಗಾದಿಂದ ನೋವ್‌ಗೊರೊದ್ ಕಡೆಗೆ ಜಲಮಾರ್ಗ ಸಿಕ್ಕಂತೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಪೀಟರ್ ದೊರೆ ಅಲ್ಲಿ ಕಾಲುವೆ ತೋಡಿಸಿದ. ಎಳೆಯುವ ಕೆಲಸ ನಿಂತರೂ ಹೆಸರು ಉಳಿಯಿತು.

‘ಕ್ರಾಸ್ನಿ’ ಬಂದಲ್ಲಿ ಮಾತ್ರ ಇಸವಿಯನ್ನೂ ನೋಡಬೇಕು. ಈಗ ಅದರ ಅರ್ಥ ಕೆಂಪು. ಹಳೆಯ ರಷ್ಯನ್‌ನಲ್ಲಿ ಸುಂದರ ಎಂದೂ ಆಗುತ್ತಿತ್ತು. ಮಾಸ್ಕೋದ ಕೆಂಪು ಚೌಕಕ್ಕೆ ಆ ಹೆಸರು ಬಂದದ್ದು ಚೆಲುವಿನಿಂದ, ಕಮ್ಯುನಿಸ್ಟರಿಂದಲ್ಲ. 1628ರಲ್ಲಿ ಯೆನಿಸೇ ದಂಡೆಯಲ್ಲಿ ಕೋಟೆಯಾಗಿ ಹುಟ್ಟಿದ ಕ್ರಾಸ್ನೊಯಾರ್ಸ್ಕ್‌ನ ‘ಯಾರ್’ ಎಂದರೆ ಕಡಿದಾದ ದಡ. ಅಲ್ಲಿನ ಮಣ್ಣೂ ಕೆಂಪು. ಕ್ರಾಸ್ನೊದಾರ್ ಕಥೆ ಬೇರೆ. ಯೆಕಟೆರಿನೊದಾರ್, ಅಂದರೆ ಕ್ಯಾಥರೀನ್ ರಾಣಿಯ ಕೊಡುಗೆ ಎನಿಸಿಕೊಂಡಿದ್ದ ಊರಿಗೆ 1920ರಲ್ಲಿ ಬೋಲ್ಷೆವಿಕರು ರಾಣಿಯನ್ನು ತೆಗೆದು ಕೆಂಪನ್ನು ಕೂರಿಸಿದರು. ಕೊಡುಗೆಯನ್ನು ಮಾತ್ರ ಹಾಗೆಯೇ ಬಿಟ್ಟರು!

ನದಿಗಳ ಹೆಸರಿನ ಮೇಲೆ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ತೋಮ್ಸ್ಕ್‌ನ ಬಾಲ ಕಿತ್ತರೆ ತೋಮ್, ಓಮ್ಸ್ಕ್‌ನದು ಕಿತ್ತರೆ ಓಮ್. ಎರಡೂ ರಷ್ಯನ್ನರು ಬರುವ ಮೊದಲೇ ಇದ್ದ ನದಿಯ ಹೆಸರುಗಳು. ಅಂಥವುಗಳ ಪಕ್ಕದಲ್ಲಿ ಒಂದು ಚುಕ್ಕೆಯಿಟ್ಟು ಮುಂದಿನ ಊರಿಗೆ ಹೋಗುತ್ತೇನೆ.